ಮೂಲೆಯ ಒಂಬತ್ತು

ಸುರಪುರದಿಂದ ಶಹಾಪುರಕ್ಕೆ ಹೋಗುವ ದಾರಿಯಲ್ಲಿ ಬಲಕ್ಕೆ ಹೊರಳಿದರೆ ಒಂದು ಊರು ಸಿಗುತ್ತದೆ. ಹೆಸರು ಬೇಡ ಬಿಡಿ, ಹೇಳಿದರೆ ಅಲ್ಲಿಯ ಹೆಡ್‌ಮಾಸ್ತರರಿಗೆ ಸುಮ್ಮನೆ ಸಿಟ್ಟು ಬರುತ್ತದೆ. ಆ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ರೇಣುಕಾದೇವಿ ಇಪ್ಪತ್ತೆರಡು ವರ್ಷದಿಂದ ಗಣಿತ ಕಲಿಸುತ್ತಾಳೆ. ಕಲಿಸುತ್ತಾಳೆ ಅನ್ನುವುದಕ್ಕಿಂತ ಬರೆಸುತ್ತಾಳೆ ಅಂದರೆ ಹೆಚ್ಚು ಸರಿ. ಮೊದಲು ದತ್ತ, ಆಮೇಲೆ ಸೂತ್ರ, ಆಮೇಲೆ ಬೆಲೆ ತುಂಬುವುದು, ಕೊನೆಗೆ ಉತ್ತರದ ಕೆಳಗೆ ಎರಡು ಗೆರೆ. ಆಕೆಯ ಕೈಯಲ್ಲಿ ಓದಿದ ಯಾರನ್ನಾದರೂ ನಿದ್ದೆಯಿಂದ ಎಬ್ಬಿಸಿ ಕೇಳಿ, "ಎಕ್ಸ್‌ನ ಸಹಗುಣಕದ ಅರ್ಧದ ವರ್ಗವನ್ನು ಎರಡೂ ಬದಿಗೆ ಕೂಡಿಸಬೇಕು" ಎಂದು ಗಿಳಿಯ ಹಾಗೆ ಒಪ್ಪಿಸಿ ಮತ್ತೆ ಮಗ್ಗಲು ಹೊರಳಿ ಮಲಗುತ್ತಾರೆ. ಯಾಕೆ ಕೂಡಿಸಬೇಕು ಎಂದು ಮಾತ್ರ ಕೇಳಬೇಡಿ. ಅದನ್ನು ಈ ಇಪ್ಪತ್ತೆರಡು ವರ್ಷದಲ್ಲಿ ಅವರೂ ಕೇಳಿರಲಿಲ್ಲ, ಆಕೆಯೂ ಹೇಳಿರಲಿಲ್ಲ.

ಮನೆ ಸುರಪುರದ ಪಕ್ಕದ ರಂಗಂಪೇಟೆಯಲ್ಲಿ, ಶಾಲೆಗೆ ದಿನಾ ಬಸ್ಸಿನಲ್ಲಿ ಓಡಾಟ. ಎರಡು ಖೋಲಿ, ಒಬ್ಬಳೇ ಹೆಂಗಸು. ಮದುವೆ ಅಂತ ಒಂದು ಆಗಿತ್ತು, ಎರಡು ವರ್ಷಕ್ಕೆ ಮುರಿದುಬಿತ್ತು. ಯಾಕೆ ಮುರಿಯಿತು ಎಂದು ಕೆದಕಿ ಕೇಳುವವರೂ ಈಗ ಓಣಿಯಲ್ಲಿ ಉಳಿದಿಲ್ಲ. ಆಕೆಗೆ ಅದರ ಕೊರಗಿಲ್ಲ. ಆಕೆಯ ಕೊರಗು ಬೇರೆ, ಹೇಳಿದರೆ ಜನ ನಕ್ಕಾರು. ಸಂಜೆ ಶಾಲೆಯಿಂದ ಬಂದು ಚಹಾ ಕುಡಿದು, ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಲೆಕ್ಕ ಬಿಡಿಸುತ್ತ ಕೂಡುವುದು ಆಕೆಯ ಚಟ. ಕಲಬುರಗಿಯಲ್ಲಿ ಬಿ.ಎಸ್ಸಿ. ಓದುವಾಗ ಅಂಟಿಕೊಂಡದ್ದು, ಇನ್ನೂ ಬಿಟ್ಟಿಲ್ಲ. ಗಂಟುಬಿದ್ದ ಲೆಕ್ಕವೊಂದು ಬಿಚ್ಚಿಕೊಂಡಿತು ಅನ್ನಿ, ಮೈಯೆಲ್ಲ ಹಗುರಾಗುತ್ತದೆ, ಯಾರಿಗಾದರೂ ಹೇಳಬೇಕು ಅನ್ನಿಸುತ್ತದೆ. ತಲೆ ಎತ್ತಿದರೆ ಎದುರಿಗೆ ಗೋಡೆ, ಗೋಡೆಗೆ ಕ್ಯಾಲೆಂಡರು. ನೋಟ್‌ಬುಕ್ಕು ಮುಚ್ಚಿ ಅಕ್ಕಿ ಆರಿಸಲು ಹೋಗುತ್ತಾಳೆ.

ಒಮ್ಮೆ ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟದ್ದುಂಟು. "ಸರ್, ಈ ಲೆಕ್ಕ ಎರಡು ಥರಾ ಬಿಡಿಸಾಕ ಬರ್ತದ ನೋಡ್ರಿ."

ಹೆಡ್‌ಮಾಸ್ತರ್ ಲಕ್ಷ್ಮಿಕಾಂತ ಚಹಾದ ಕಪ್ಪು ಕೆಳಗಿಡದೆಯೇ, "ಒಂದು ಥರಾ ಬಿಡಿಸಿ ಪಾಸಾದ್ರ ಸಾಕಾಗ್ತದ ಮೇಡಂ. ಎರಡನೇದು ನೀವಽ ಇಟ್ಕೋರಿ" ಅಂದರು. ಪಿ.ಟಿ. ಮಾಸ್ತರ್ ಬಸಲಿಂಗ ಹೊಟ್ಟೆ ಹಿಡಿದುಕೊಂಡು ನಕ್ಕ. ಆಕೆಯೂ ನಕ್ಕಳು. ಅವತ್ತಿನಿಂದ ಎರಡನೆಯದನ್ನು ಆಕೆ ಯಾರಿಗೂ ತೋರಿಸಲಿಲ್ಲ.

ಹೀಗಿರುವಾಗ ಅಕ್ಟೋಬರಿನಲ್ಲಿ ಅರ್ಧವಾರ್ಷಿಕ ಪರೀಕ್ಷೆ ಬಂತು. ಹತ್ತನೇ ತರಗತಿಯ ಪೇಪರಿನಲ್ಲಿ ಒಂದು ಹೊಲದ ಲೆಕ್ಕ. ಆಯತಾಕಾರದ ಹೊಲ, ಉದ್ದವು ಅಗಲಕ್ಕಿಂತ ಆರು ಮೀಟರ್ ಹೆಚ್ಚು, ವಿಸ್ತೀರ್ಣ ನಾಲ್ಕುನೂರ ಮೂವತ್ತೆರಡು ಚದರ ಮೀಟರ್, ಉದ್ದ ಅಗಲ ಕಂಡುಹಿಡಿಯಿರಿ. ಐವತ್ತೆರಡು ಮಕ್ಕಳಲ್ಲಿ ಮೂವತ್ತು ಮಂದಿ ಜಾಗ ಬಿಟ್ಟು ಮುಂದೆ ಹೋಗಿದ್ದರು. ಉಳಿದವರಲ್ಲಿ ಬಹಳಷ್ಟು ಮಂದಿ ಪ್ರಶ್ನೆಯನ್ನೇ ಮತ್ತೊಮ್ಮೆ ದುಂಡಗೆ ಬರೆದು, ಕೆಳಗೆ ಎರಡು ಗೆರೆ ಎಳೆದು ಕೈ ತೊಳೆದುಕೊಂಡಿದ್ದರು. ಕಹಕಶಾ ಎಂಬ ಹುಡುಗಿಯ ಹಾಳೆಯಲ್ಲಿ ಮಾತ್ರ ಸೊಟ್ಟಗಿನ ಒಂದು ಚಿತ್ರ, ಅದರ ಕೆಳಗೆ 'ಅಗಲ 18, ಉದ್ದ 24' ಎಂದು ಇತ್ತು. ಎಕ್ಸ್ ಇಲ್ಲ, ಸಮೀಕರಣ ಇಲ್ಲ, ಹಂತ ಇಲ್ಲ. ಉತ್ತರ ಮಾತ್ರ ಸರಿ. ರೇಣುಕಾದೇವಿ ಸೊನ್ನೆ ಸುತ್ತಿ ಪಕ್ಕದಲ್ಲಿ 'ನಕಲು' ಎಂದು ಬರೆದಳು.

ಮರುದಿನ ಪೇಪರು ಹಂಚುವಾಗ, ನಾಲ್ಕು ಮಂದಿಗೆ ಕೇಳಲಿ ಎಂದೇ ದನಿ ಏರಿಸಿ ಕೇಳಿದಳು: "ಯಾರ ಪೇಪರು ನೋಡಿ ಬರದೀಯವ್ವಾ?"

ಕಹಕಶಾ ಎದ್ದು ನಿಂತಳು. ತೆಳ್ಳಗಿನ ಹುಡುಗಿ, ಮೂರನೇ ಬೆಂಚು, ಇಷ್ಟು ದಿನ ಬಾಯಿ ತೆರೆದವಳಲ್ಲ. ಹಾಳೆಯನ್ನು ಒಮ್ಮೆ ನೋಡಿದಳು, ಕ್ಲಾಸನ್ನೊಮ್ಮೆ ನೋಡಿದಳು. "ಯಾರದ್ದು ನೋಡ್ಲಿರಿ ಟೀಚರ್? ಈ ಲೆಕ್ಕ ಯಾರಿಗೂ ಬಂದಿಲ್ಲಲ್ರಿ."

ಕ್ಲಾಸು ಗೊಳ್ಳೆಂದಿತು. ಹುಡುಗಿ ಉದ್ಧಟತನದಿಂದ ಅಂದಿರಲಿಲ್ಲ, ಯೋಚನೆ ಮಾಡಿ ಅಂದಿದ್ದಳು. ಖರೇ ಮಾತು. ನಕಲು ಮಾಡಬೇಕಾದರೆ ಮೂಲ ಅಂತ ಒಂದು ಬೇಕಲ್ಲ? ಇಡೀ ಕ್ಲಾಸಿನಲ್ಲಿ ಹದಿನೆಂಟು, ಇಪ್ಪತ್ನಾಲ್ಕು ಅಂತ ಇನ್ನೊಬ್ಬರು ಬರೆದಿಲ್ಲ. ಗಣಿತದ ಟೀಚರಾಗಿ ಅಷ್ಟು ಹೊಳೆಯಲಿಲ್ಲವಲ್ಲ ಎಂದು ಆಕೆಗೆ ನಾಚಿಕೆಯಾಯಿತು.

ಊಟದ ಹೊತ್ತಿಗೆ ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆದಳು. "ಹೆಂಗ ಬಿಡಿಸಿದಿ, ಹೇಳು."

"ಹೇಳಾಕ ಬರೂದಿಲ್ರಿ. ಮಾಡಿ ತೋರಿಸ್ಲೇನ್ರಿ?"

ಹಳೇ ನೋಟ್‌ಬುಕ್ಕಿನ ಒಂದು ಹಾಳೆ ಹರಿದುಕೊಂಡಳು. "ಇದು ಹೊಲ ಅನ್ರಿ. ಉದ್ದ ಆರು ಹೆಚ್ಚೈತಿ, ಅದಕ್ಕಽ ಇದು ಚೌಕ ಆಗವಲ್ದು. ಆ ಆರರ ಪಟ್ಟಿ ಕತ್ತರಿಸಿದೆ." ಬಲಬದಿಯ ಪಟ್ಟಿಯನ್ನು ನೆಟ್ಟಗೆ ಹರಿದಳು. "ಇದನ್ನ ಉದ್ದಕ್ಕ ಎರಡು ಭಾಗ ಮಾಡಿದೆ. ಮೂರು, ಮೂರು. ಒಂದು ಪಟ್ಟಿ ಎಲ್ಲಿತ್ತೋ ಅಲ್ಲೇ ಇಟ್ಟೆ. ಇನ್ನೊಂದನ್ನ ಕೆಳಗ ಹಚ್ಚಿದೆ. ಈಗ ನೋಡ್ರಿ, ಚೌಕ ಆತು. ಆದ್ರ ಮೂಲ್ಯಾಗ ಇಷ್ಟು ಕಮ್ಮಿ ಬಿತ್ತು."

ಮೇಜಿನ ಮೇಲೆ ಕಾಗದದ ಚೌಕ ಬಿದ್ದಿತ್ತು, ಒಂದು ಮೂಲೆ ಖಾಲಿ. ಹುಡುಗಿ ಆ ಖಾಲಿ ಜಾಗದ ಮೇಲೆ ಬೆರಳಿಟ್ಟಳು. "ಮೂರು ಮೂರ್ಲೆ ಒಂಬತ್ತು. ಆ ಒಂಬತ್ತು ತುಂಬಿದ್ರ ನಾಕ್ನೂರಾ ನಲವತ್ತೊಂದು. ಇಪ್ಪತ್ತೊಂದು ಇಪ್ಪತ್ತೊಂದ್ಲೆ. ಅಂದ್ರ ಚೌಕದ ಬದಿ ಇಪ್ಪತ್ತೊಂದು. ಕೆಳಗ ಹಚ್ಚಿದ ಮೂರು ತಗದ್ರ ಅಗಲ ಹದಿನೆಂಟು. ಅದಕ್ಕ ಆರು ಕೂಡಿಸಿದ್ರ ಉದ್ದ ಇಪ್ಪತ್ನಾಕು."

"ಯಾರು ಹೇಳಿಕೊಟ್ರು ಇದನ್ನ?"

"ಯಾರೂ ಇಲ್ರಿ. ನಮ್ಮ ದಾದಿ ಕೌದಿ ಹೊಲೀತಾಳಲ್ರಿ, ಹಂಗಽ."

ಹಳೆಯ ಸೀರೆ, ಧೋತರದ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿ ಯಾರ ಮನೆಯಲ್ಲಿಲ್ಲ ಹೇಳಿ? ಅವಳ ದಾದಿ, ಅಂದರೆ ಅಪ್ಪನ ತಾಯಿ ಮಸ್ತಾನಬಿ, ಊರವರಿಗೆಲ್ಲ ಕೌದಿ ಹೊಲಿದುಕೊಡುವ ಮುದುಕಿ. ತೊಟ್ಟಿಲಿಗೆ ಚೌಕ ಕೌದಿ ಬೇಕು ಅನ್ನುವವರು ತರುವುದು ಉದ್ದುದ್ದ ತುಂಡು. ಮುದುಕಿ ಹೆಚ್ಚಾದದ್ದನ್ನು ಕತ್ತರಿಸಿ, ಅರ್ಧ ಇಲ್ಲಿ ಅರ್ಧ ಅಲ್ಲಿ ಹಚ್ಚಿ, ಖಾಲಿ ಉಳಿದ ಮೂಲೆಗೆ ಬೇರೆ ಬಣ್ಣದ ತೇಪೆ ಹಾಕುತ್ತಾಳೆ. ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸುವ ಮೊಮ್ಮಗಳು ಅದನ್ನು ನೋಡಿದ್ದಳು. ನೋಡಿದ್ದಷ್ಟೇ ಅಲ್ಲ, ಎಣಿಸಿದ್ದಳು.

ರೇಣುಕಾದೇವಿ ಆ ಖಾಲಿ ಮೂಲೆಯ ಮೇಲೆ ತಾನೂ ಬೆರಳಿಟ್ಟಳು. ಸಹಗುಣಕ ಆರು. ಅರ್ಧ ಮೂರು. ಅದರ ವರ್ಗ ಒಂಬತ್ತು, ಎರಡೂ ಬದಿಗೆ ಕೂಡಿಸು. ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದು ಅಳಿಸಿದ್ದು ಇದನ್ನೇ. 'ವರ್ಗ ಪೂರ್ಣಗೊಳಿಸುವ ವಿಧಾನ' ಎಂದು ಪಾಠದ ಹೆಸರೇ ಕೂಗಿ ಹೇಳುತ್ತಿತ್ತು. ಯಾವ ವರ್ಗ, ಎಲ್ಲಿ ಅಪೂರ್ಣ, ಯಾವ ಮೂಲೆ ಖಾಲಿ ಎಂದು ಆಕೆ ಒಂದು ದಿನ ನಿಂತು ನೋಡಿರಲಿಲ್ಲ. ಬಸಲಿಂಗ ಪಕ್ಕದಲ್ಲಿ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದ. ಅವನಿಗೆ ಏನಾಯಿತೆಂದೇ ಗೊತ್ತಾಗಲಿಲ್ಲ.

"ಪೇಪರು ಕೊಡಿಲ್ಲಿ" ಎಂದು ಹುಡುಗಿಯ ಹಾಳೆ ತೆಗೆದುಕೊಂಡು, ನಕಲು ಎಂಬುದನ್ನು ಹೊಡೆದುಹಾಕಿ, ಪೂರ್ತಿ ಅಂಕ ಕೊಟ್ಟಳು. "ಸಂಜಿ ಮುಂದ ಸ್ವಲ್ಪ ಹೊತ್ತು ನಿಲ್ತೀಯೇನವಾ? ನನ್ನ ಬಸ್ಸು ಬರೂತನಕ?"

ಅಲ್ಲಿಂದ ಶುರುವಾಯಿತು ನೋಡಿ. ಶಾಲೆ ಬಿಟ್ಟ ಮೇಲೆ ಬಸ್ಸು ಬರುವ ತನಕ ಒಂದು ತಾಸು, ವರಾಂಡದ ಕಟ್ಟೆಯ ಮೇಲೆ ಇಬ್ಬರೇ. ದಿನಕ್ಕೊಂದು ಲೆಕ್ಕ. ಉದ್ದ ಅಗಲದ ಅಂತರ ಬಿಟ್ಟು ಮೊತ್ತ ಕೊಟ್ಟರೆ ಏನು ಮಾಡುತ್ತಿ ಎಂದು ಟೀಚರ್ ಕೇಳಿದರೆ, ಹುಡುಗಿ ನೆಲದ ಮೇಲೆ ಸೀಮೆಸುಣ್ಣದಿಂದ ಗೀಚಿ, "ಈ ಸಲ ಚೌಕದಿಂದ ಶುರು ಮಾಡಿ ಮೂಲಿ ಕಳೀಬೇಕ್ರಿ" ಅನ್ನುತ್ತಿದ್ದಳು. ಎಕ್ಸ್ ಬರೆ ಅಂದರೆ ಮೂಗು ಮುರಿಯುತ್ತಿದ್ದಳು. "ಗೊತ್ತಿಲ್ಲದ್ದಕ್ಕ ಈಗಽ ಯಾಕ ಹೆಸರಿಡಬೇಕ್ರಿ? ಹುಟ್ಟಿದ ಮ್ಯಾಲ ಇಟ್ರಾತು."

ಒಂದು ದಿನ ರೇಣುಕಾದೇವಿ ಅದೇ ಹೊಲದ ಲೆಕ್ಕವನ್ನು ಸಮೀಕರಣ ಮಾಡಿ ಬಿಡಿಸಿ ತೋರಿಸಿದಳು. ಎರಡು ಉತ್ತರ ಬಂದವು, ಹದಿನೆಂಟು ಮತ್ತು ಮೈನಸ್ ಇಪ್ಪತ್ನಾಲ್ಕು. ಕಹಕಶಾ ಬಾಯಿಗೆ ಓಢಣಿ ಒತ್ತಿಕೊಂಡು ನಕ್ಕಳು. "ಮೈನಸ್ ಇಪ್ಪತ್ನಾಕು ಮೀಟರಿನ ಹೊಲ ಯಾವ ಗೌಡರದ್ರಿ ಟೀಚರ್?"

"ಅದನ್ನ ಬಿಟ್ಟುಬಿಡಬೇಕು. ಅಳತಿ ಮೈನಸ್ ಇರೂದಿಲ್ಲ."

"ಬಿಟ್ಟುಬಿಡೂದಾದ್ರ ಬರೂದ್ಯಾಕ್ರಿ ಅದು?"

ಟೀಚರಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದಳು. ಅಷ್ಟು ಸುಖದಿಂದ ಗೊತ್ತಿಲ್ಲ ಎಂದು ಆಕೆ ಜನ್ಮದಲ್ಲಿ ಹೇಳಿರಲಿಲ್ಲ. ಅವತ್ತು ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತವಳು ರಂಗಂಪೇಟೆ ದಾಟಿ ಮುಂದೆ ಹೋಗಿಬಿಟ್ಟಳು. ಕಂಡಕ್ಟರ್ ಬೈದ. ನಡೆದು ವಾಪಸು ಬಂದಳು, ಬೇಸರವೇ ಆಗಲಿಲ್ಲ.

ನವೆಂಬರಿನಲ್ಲಿ ಹತ್ತಿ ಬಿಡಿಸುವ ಕಾಲ, ಅರ್ಧ ಕ್ಲಾಸು ಹೊಲದಲ್ಲಿರುತ್ತದೆ. ಕಹಕಶಾ ಎಂಟು ದಿನ ಬರಲಿಲ್ಲ. ಆ ಎಂಟು ದಿನ ರೇಣುಕಾದೇವಿ ಕಟ್ಟೆಯ ಮೇಲೆ ಒಬ್ಬಳೇ ಕೂತು ಬಸ್ಸು ಕಾದಳು. ಇಪ್ಪತ್ತೆರಡು ವರ್ಷ ಹಾಗೇ ಕಾದದ್ದು ನಿಜ, ಆದರೆ ಆಗ ಅದು ಇಷ್ಟು ಉದ್ದ ಅನ್ನಿಸಿರಲಿಲ್ಲ. ಪಕ್ಕದಲ್ಲಿ ಯಾರೋ ಒಮ್ಮೆ ಕೂತು ಎದ್ದು ಹೋದ ಮೇಲೆಯೇ ಜಾಗ ಖಾಲಿ ಎಂದು ತಿಳಿಯುವುದು. ಈ ಹುಡುಗಿ ನನ್ನ ಕೈಬಿಟ್ಟು ಹೋದರೆ ಮುಂದೆ ಯಾರ ಹತ್ತಿರ ಮಾತಾಡಲಿ ಎಂದು ಆಕೆಗೆ ಹೆದರಿಕೆ ಹುಟ್ಟಿತು.

ಒಂಬತ್ತನೆಯ ದಿನ ಹುಡುಗಿ ಬೆರಳುಗಳಿಗೆಲ್ಲ ಹತ್ತಿಕಾಯಿಯ ಗೀರು ಮಾಡಿಕೊಂಡು ಓಡಿಬಂದಳು. "ಟೀಚರ್, ಸಿಕ್ತು! ಸಾಲು ಹಿಡದು ಹೋಗೂವಾಗ ಹೊಳೀತು. ಸಮೀಕರಣಕ್ಕ ಹೊಲ ಗೊತ್ತಿಲ್ರಿ. ಅದು ಬರೇ ಎರಡು ಅಂಕಿ ಕೇಳಾಕತ್ತೈತಿ, ಒಂದು ಇನ್ನೊಂದಕ್ಕಿಂತ ಆರು ಹೆಚ್ಚಿರಬೇಕು, ಗುಣಿಸಿದ್ರ ನಾಕ್ನೂರಾ ಮೂವತ್ತೆರಡು ಆಗಬೇಕು. ಮೈನಸ್ ಇಪ್ಪತ್ನಾಕು, ಮೈನಸ್ ಹದಿನೆಂಟು. ಅವೂ ಆರರ ಅಂತರದಾಗಽ ಅದಾವ. ಮೈನಸ್‌ಗೆ ಮೈನಸ್ ಗುಣಿಸಿದ್ರ ಅಷ್ಟಽ ಬರ್ತೈತಿ. ಅದರ ತಪ್ಪೇನೈತ್ರಿ ಪಾಪ? ಹೊಲ ಅಂತ ಹೇಳಿದವರು ನಾವು!"

ರೇಣುಕಾದೇವಿ ಹುಡುಗಿಯ ಎರಡೂ ಕೈ ಹಿಡಿದುಕೊಂಡಳು. "ರೊಟ್ಟಿ ತಿಂದಿಯೇನವಾ?" ಎಂದು ಕೇಳಿದಳು.

ಜನವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ. ಈ ಸಲ ಒಂದು ಶಾಲೆಯ ಪೇಪರನ್ನು ಇನ್ನೊಂದು ಶಾಲೆಯವರು ನೋಡಬೇಕೆಂದು ತಾಲೂಕಿನಿಂದ ಆದೇಶ ಬಂದಿತ್ತು. ಪೇಪರು ವಾಪಸು ಬಂದಾಗ ಕಹಕಶಾಳಿಗೆ ಎಂಬತ್ತಕ್ಕೆ ಹತ್ತೊಂಬತ್ತು. ಪಾಸಾಗಲು ಇಪ್ಪತ್ತೆಂಟು ಬೇಕು, ಒಂಬತ್ತು ಕಮ್ಮಿ ಬಿದ್ದು ನಪಾಸು. ಚಿತ್ರ ಬರೆದು ಬಿಡಿಸಿದ ಪ್ರತಿ ಲೆಕ್ಕಕ್ಕೂ ಸೊನ್ನೆ. ಒಂದು ಕಡೆ ಯಾರೋ ಪುಣ್ಯಾತ್ಮ 'ಇದು ಚಿತ್ರಕಲೆ ಪರೀಕ್ಷೆ ಅಲ್ಲ' ಎಂದು ಬರೆದಿದ್ದ. ರೇಣುಕಾದೇವಿಗೆ ಆ ಕೈಬರಹ ಯಾರದೆಂದು ಗೊತ್ತಿಲ್ಲ, ಆದರೆ ಸಿಟ್ಟು ಮಾಡಲೂ ಬಾಯಿ ಬರಲಿಲ್ಲ. ಮೂರು ತಿಂಗಳ ಹಿಂದೆ ಆಕೆಯೂ ಅದನ್ನೇ ಮಾಡಿದ್ದಳಲ್ಲ.

ಲಕ್ಷ್ಮಿಕಾಂತ ಸರ್ ಚೇಂಬರಿಗೆ ಕರೆದರು. "ನಪಾಸ್ ಲಿಸ್ಟಿನ್ಯಾಗ ಈ ಹುಡುಗಿ ಹೆಸರು ಹೆಂಗ ಬಂತು ಮೇಡಂ? ನೀವು ದಿನಾ ಒಂದು ತಾಸು ಹೇಳಿಕೊಡ್ತೀರಿ ಅಂತ ಇಡೀ ಊರಿಗೆ ಗೊತ್ತದ. ಏನು ಹೇಳಿಕೊಡಾಕತ್ತೀರಿ?"

"ಯೋಚನಿ ಮಾಡೂದು ಸರ್."

"ಯೋಚನಿ ಪಾಸಾದ ಮ್ಯಾಲ ಮಾಡ್ಲಿ. ಮೊದ್ಲು ಪಾಸಿಂಗ್ ಪ್ಯಾಕೇಜ್ ಬಾಯಿಪಾಠ ಮಾಡಿಸ್ರಿ." ಕಟುವಾಗಿಯೇ ಅಂದರು, ಆದರೆ ಕೆಟ್ಟ ಮನುಷ್ಯರಲ್ಲ. ಐದಾರು ಬಗೆಯ ಲೆಕ್ಕವನ್ನು ಹಂತದೊಂದಿಗೆ ಉರುಹೊಡೆಸಿ ದಂಡೆ ಮುಟ್ಟಿಸುವ ಆ ಪ್ಯಾಕೇಜಿನಿಂದಲೇ ಎಷ್ಟೋ ಮಕ್ಕಳು ಪಾಸಾಗಿದ್ದರು.

ಎರಡು ದಿನ ಬಿಟ್ಟು ಮಸ್ತಾನಬಿಯೇ ಶಾಲೆಗೆ ಬಂದಳು. ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲು ಹತ್ತಿ, ವರಾಂಡದಲ್ಲಿ ಕುಸಿದು ಕೂತಳು. ಮಗ, ಸೊಸೆ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ನಾಲ್ಕು ವರ್ಷವಾಗಿತ್ತು.

"ನನ್ನ ಮಗ ಫೋನ್ ಮಾಡ್ಯಾನ್ರಿ ಟೀಚರ್‌ಬಾಯಿ. ನಪಾಸ ಆದ್ರ ಮೇ ತಿಂಗಳಾಗ ಪುಣಾಕ್ಕ ಕರಕೊಂಡು ಹೋಗ್ತೀನಿ, ಇಟ್ಟಂಗಿ ಹೊರಾಕ ಒಂದು ಕೈ ಆಗ್ತೈತಿ ಅಂದಾನ. ಈ ಪೋರಿ ರಾತ್ರಿ ನಿದ್ದಿನಽ ಮಾಡವಲ್ಳು. ಬೇಟಿ ಶಾಣ್ಯಾಕಿ ಅದಾಳಂತ ನೀವಽ ಹೇಳಿದ್ರಿ. ಶಾಣ್ಯಾಕಿ ಇದ್ದಾಕಿ ನಪಾಸ ಹೆಂಗಾದ್ಳ್ರಿ? ನಿಮ್ಮ ಕೈಯಾಗ ಕೊಟ್ಟೀನಿ, ನೋಡ್ರಿ ಮತ್ತ."

ರೇಣುಕಾದೇವಿ ಆ ಮುದುಕಿಯ ಎದುರಿಗೆ ತಲೆ ಎತ್ತಲಾರದೆ ಹೋದಳು. ಕಾಗದ ಹರಿದು ಚೌಕ ಮಾಡುವ ಆಟ ನಿಜವಾಗಿ ಯಾರಿಗೆ ಬೇಕಾಗಿತ್ತು? ಹುಡುಗಿಗೋ, ಗೋಡೆಯ ಜೊತೆ ಮಾತಾಡಿ ಬೇಸತ್ತ ತನಗೋ? ಬಸ್ಸಿನಲ್ಲಿ ಕೂತು ಇದನ್ನೇ ತಿರುವಿ ಮುರುವಿ ಯೋಚಿಸಿದಳು. ಬೋರ್ಡ್ ಪರೀಕ್ಷೆಯಲ್ಲಿ ಹುಡುಗಿಯ ಪೇಪರು ನೋಡುವವರು ಯಾರೋ, ಯಾವ ಜಿಲ್ಲೆಯವರೋ. ಅವರ ಮುಂದೆ ನಿಂತು 'ಮಾಡಿ ತೋರಿಸ್ಲೇನ್ರಿ' ಎಂದು ಕೇಳಲು ಅವಳಿಗೆ ಆಗುವುದಿಲ್ಲ. ರಂಗಂಪೇಟೆ ಬರುವಷ್ಟರಲ್ಲಿ ತೀರ್ಮಾನವಾಗಿತ್ತು. ಮನೆಗೆ ಬಂದು, ಚಹಾ ಮಾಡಿಕೊಳ್ಳದೆ, ಒಬ್ಬಳೇ ಅತ್ತಳು.

ಮರುದಿನದಿಂದ ಕಟ್ಟೆಯ ಮೇಲಿನ ಒಂದು ತಾಸು ಬೇರೆಯಾಯಿತು. ದತ್ತ ಬರೆ. ಎಕ್ಸ್ ಎಂದಿರಲಿ ಅಂತ ಬರೆ. ಸಮೀಕರಣ ಬರೆ. ಸೂತ್ರ ಬರೆ. ಹುಡುಗಿಯ ಕೈ ಮೊದಲ ದಿನ ತಾನೇತಾನಾಗಿ ಚೌಕ ಗೀಚಲು ಹೋಯಿತು, ಟೀಚರ್ ಮೆಲ್ಲಗೆ ಸೀಮೆಸುಣ್ಣ ಕಸಿದುಕೊಂಡಳು. ಎರಡನೆಯ ದಿನ ಮತ್ತೆ ಹೋಯಿತು, ಮತ್ತೆ ತಡೆದಳು. ಮೂರನೆಯ ದಿನ, "ಉತ್ತರ ಕಣ್ಣಿಗಽ ಕಾಣಾಕತ್ತೈತಲ್ರಿ ಟೀಚರ್, ಇಷ್ಟೆಲ್ಲಾ ಬರಿಯೂದ್ಯಾಕ್ರಿ?" ಎಂದು ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡಳು.

"ನಿನಗ ಕಾಣ್ತದ. ನನಗೂ ಕಾಣ್ತದ. ನೋಡೋರಿಗೆ ಕಾಣಬೇಕಲ್ಲ? ಬರಿ ನೀನು. ಪರೀಕ್ಷಿ ಮುಗೀಲಿ, ಆಮ್ಯಾಲ ನಾವಿಬ್ರೂ ಕೂತು ಎಲ್ಲಾ ಮೊದಲಿನಂಗ ಮಾಡೂಣು."

ಚಿತ್ರವನ್ನೂ ಬರೆಸಿ ಹಂತವನ್ನೂ ಬರೆಸಬಹುದಿತ್ತು ಎನ್ನುತ್ತೀರಿ. ಆಕೆಗೂ ಹೊಳೆದಿತ್ತು. ಒಂದು ವಾರ ಹಾಗೂ ಮಾಡಿ ನೋಡಿದಳು. ಚಿತ್ರ ತೆಗೆದರೆ ಹುಡುಗಿಗೆ ಉತ್ತರ ಕಂಡುಬಿಡುತ್ತಿತ್ತು, ಕಂಡ ಮೇಲೆ ಹಂತ ಬರೆಯಲು ಬೇಸರ, ನಡುವೆ ಎರಡು ಸಾಲು ಹಾರಿಸಿಬಿಡುತ್ತಿದ್ದಳು. ಹಾರಿದ ಸಾಲಿಗೆಲ್ಲ ಅಂಕ ಹೋಗುತ್ತದೆ. ಪರೀಕ್ಷೆಗೆ ಉಳಿದದ್ದು ಐವತ್ತು ದಿನ. ಚಿತ್ರ ಬರೆಯುವುದನ್ನೇ ಬಿಡಿಸಿಬಿಟ್ಟಳು. ನಾನು ಆಕೆಯ ಪರವಾಗಿ ವಾದಿಸುತ್ತಿಲ್ಲ, ಆದದ್ದು ಹೇಳುತ್ತಿದ್ದೇನೆ.

ಒಂದೇ ಲೆಕ್ಕ ಹತ್ತು ಸಲ, ಹದಿನೈದು ಸಲ. ಫೆಬ್ರವರಿ ಕಳೆಯುವಷ್ಟರಲ್ಲಿ ಕಹಕಶಾ ನೆಲದ ಕಡೆ ನೋಡುವುದನ್ನು ಬಿಟ್ಟಳು. ಲೆಕ್ಕ ಓದಿದ ಕೂಡಲೇ ಇದು ಯಾವ ಬಗೆಯದು, ಯಾವ ಸೂತ್ರದ್ದು ಎಂದು ಗುರುತಿಸಿ ಸರಸರ ಬರೆಯುತ್ತಿದ್ದಳು. ಬುದ್ಧಿವಂತೆಯಲ್ಲವೇ, ಇದನ್ನೂ ಬೇಗ ಕಲಿತಳು. ಮಾರ್ಚಿನ ಹೊತ್ತಿಗೆ ಯಾಕೆ ಎಂಬ ಮಾತು ಅವಳ ಬಾಯಿಂದ ಬರುತ್ತಿರಲಿಲ್ಲ. ಅವಳ ಮುಖದ ಮೇಲಿನ ಹೆದರಿಕೆಯೂ ಹೋಗಿತ್ತು. ಅದನ್ನು ನೋಡಿ ರೇಣುಕಾದೇವಿಗೆ ಸಮಾಧಾನವಾಗುತ್ತಿತ್ತು, ಮರುಗಳಿಗೆಗೆ ಎದೆಯಲ್ಲಿ ಏನೋ ಕಿತ್ತುಕೊಂಡು ಹೋದ ಹಾಗೂ ಆಗುತ್ತಿತ್ತು. ಇರಲಿ, ಪರೀಕ್ಷೆ ಮುಗಿಯಲಿ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಪರೀಕ್ಷೆ ಮುಗಿಯಿತು. ಮಕ್ಕಳಿಗೆ ರಜೆ, ಟೀಚರಿಗೆ ಬೇರೆ ಬೇರೆ ಡ್ಯೂಟಿ. ಏಪ್ರಿಲಿನ ಬಿಸಿಲಿನಲ್ಲಿ ರಂಗಂಪೇಟೆಯ ಮನೆಯೊಳಗೆ ಕೂತು ಆಕೆ ಒಂದು ಲೆಕ್ಕ ತೆಗೆದಿಟ್ಟಳು. ಒಂದು, ಮೂರು, ಐದು, ಏಳು, ಹೀಗೆ ಬೆಸ ಸಂಖ್ಯೆಗಳನ್ನು ಮೊದಲಿನಿಂದ ಕೂಡಿಸುತ್ತ ಹೋದರೆ ಯಾವಾಗ ನಿಲ್ಲಿಸಿದರೂ ಪೂರ್ಣ ವರ್ಗವೇ ಬರುತ್ತದೆ. ಒಂದಕ್ಕೆ ಮೂರು ಕೂಡಿಸಿದರೆ ನಾಲ್ಕು, ಅದಕ್ಕೆ ಐದು ಕೂಡಿಸಿದರೆ ಒಂಬತ್ತು, ಏಳು ಕೂಡಿಸಿದರೆ ಹದಿನಾರು. ಬರುತ್ತದೆ ಎಂದು ಆಕೆಗೆ ಗೊತ್ತು. ಚೌಕವೇ ಯಾಕೆ ಬೀಳಬೇ‌ಕು ಎಂಬುದು ಗೊತ್ತಿರಲಿಲ್ಲ. ಕಾಗದ ಪೆನ್ಸಿಲು ಹಿಡಿದರೆ ಅರ್ಧ ತಾಸಿನಲ್ಲಿ ಸಿಕ್ಕೀತು ಎಂಬ ಅನುಮಾನವಿತ್ತು. ಬೇಕಂತಲೇ ಹಿಡಿಯಲಿಲ್ಲ. ಒಬ್ಬಳೇ ಬಿಡಿಸಿ ಒಬ್ಬಳೇ ಖುಷಿಪಡುವುದು ಸಾಕಾಗಿತ್ತು. ಹುಡುಗಿ ಮುಂದೆ ಕೂತಿರಬೇಕು, ಇಬ್ಬರೂ ತಲೆ ಕೆರೆದುಕೊಳ್ಳಬೇಕು, ಅವಳಿಗೇ ಮೊದಲು ಹೊಳೆಯಬೇಕು. ಆ ಗಳಿಗೆಗಾಗಿ ಆಕೆ ಐದು ವಾರ ಆ ಲೆಕ್ಕವನ್ನು ಮುಟ್ಟದೆ ಕಾದಳು.

ಮೇ ತಿಂಗಳ ಮೊದಲ ವಾರ ಫಲಿತಾಂಶ ಬಂತು. ಗಣಿತದಲ್ಲಿ ಕಹಕಶಾಳಿಗೆ ಎಂಬತ್ತಕ್ಕೆ ಎಪ್ಪತ್ತೊಂದು. ಲಕ್ಷ್ಮಿಕಾಂತ ಸರ್ ಫೋನಿನಲ್ಲೇ ಕುಣಿದರು. "ಮೇಡಂ, ನಿಮಗ ಶಾಲು ಹೊಚ್ಚಿ ಸನ್ಮಾನ ಮಾಡ್ಬೇಕು ನೋಡ್ರಿ!" ಪುಣೆಯಿಂದ ಅಪ್ಪನೂ ಫೋನು ಮಾಡಿ, ಮಗಳು ಶಹಾಪುರದ ಕಾಲೇಜಿಗೆ ಹೋಗಲಿ, ಇಟ್ಟಂಗಿ ಹೊರುವ ಮಾತೇ ಬೇಡ ಎಂದನಂತೆ. ಎಲ್ಲ ಆಗಬೇಕಾದ ಹಾಗೆಯೇ ಆಗಿತ್ತು. ರೇಣುಕಾದೇವಿ ಸುರಪುರದ ಪೇಟೆಯಲ್ಲಿ ಪೇಢೆ ಕಟ್ಟಿಸಿಕೊಂಡು, ಒಂದು ಹೊಸ ನೋಟ್‌ಬುಕ್ಕನ್ನೂ ಪೆನ್ಸಿಲನ್ನೂ ಚೀಲದಲ್ಲಿ ಹಾಕಿಕೊಂಡು ಮಧ್ಯಾಹ್ನದ ಬಸ್ಸು ಹತ್ತಿದಳು.

ಮಸ್ತಾನಬಿ ಬಾಗಿಲಿಗೆ ಬಂದು ಆಕೆಯ ಕೈ ಹಿಡಿದು ಒಳಗೆ ಕರೆದೊಯ್ದಳು. ಚಾಪೆ ಹಾಸಿದರು, ತಂಪು ನೀರು ಕೊಟ್ಟರು. ಕಹಕಶಾ ಬಾಗಿ ಕಾಲು ಮುಟ್ಟಲು ಬಂದಳು, ಟೀಚರ್ ತಡೆದು ಬಾಯಿಗೆ ಪೇಢೆ ಇಟ್ಟಳು. ಹುಡುಗಿ ನಗುತ್ತಿದ್ದಳು. ಮೈ ಕೈ ತುಂಬಿಕೊಂಡು ಚಂದ ಕಾಣುತ್ತಿದ್ದಳು. ಆಕೆಗೆ ಕಣ್ತುಂಬಿ ಬಂತು.

"ಒಂದು ಲೆಕ್ಕ ತಂದೀನವಾ" ಅಂದಳು ರೇಣುಕಾದೇವಿ. ಧ್ವನಿ ಯಾಕೋ ಸಣ್ಣ ಹುಡುಗಿಯದರ ಹಾಗಾಗಿತ್ತು. "ಪರೀಕ್ಷಿದು ಅಲ್ಲ. ನಮ್ಮದು. ಬೆಸ ಸಂಖ್ಯೆ ಮೊದಲಿನಿಂದ ಕೂಡಿಸ್ಕೋತ ಹೋದ್ರ ಪ್ರತಿ ಸಲಾ ವರ್ಗನಽ ಬರ್ತದ. ಯಾಕ ಹಂಗ? ನನಗೂ ಗೊತ್ತಿಲ್ಲ. ಇಬ್ರೂ ಕೂಡಿ ನೋಡೂಣು."

ಕಹಕಶಾ ನೋಟ್‌ಬುಕ್ಕು ತೆಗೆದುಕೊಂಡಳು. ಪೆನ್ಸಿಲನ್ನು ಬದಿಗಿಟ್ಟು ಒಳಗಿನಿಂದ ತನ್ನ ಪೆನ್ನು ತಂದಳು. ಎಡಕ್ಕೆ ಅಂಚು ಬಿಟ್ಟು ಗೆರೆ ಹೊಡೆದಳು. ಆಮೇಲೆ ಬರೆಯಲು ಶುರುಮಾಡಿದಳು, ಒಮ್ಮೆಯೂ ತಡೆಯಲಿಲ್ಲ. ದತ್ತ: ಸಮಾಂತರ ಶ್ರೇಢಿ, ಮೊದಲ ಪದ ಒಂದು, ಸಾಮಾನ್ಯ ವ್ಯತ್ಯಾಸ ಎರಡು. ಮೊತ್ತದ ಸೂತ್ರ. ಬೆಲೆ ತುಂಬಿದ್ದು. ಸರಳ ಮಾಡಿದ್ದು. ಎನ್ ವರ್ಗ. ಕೆಳಗೆ ಎರಡು ಗೆರೆ. ಎರಡು ನಿಮಿಷವೂ ಹಿಡಿಯಲಿಲ್ಲ.

"ಬಂತ್ರಿ ಟೀಚರ್. ಎನ್ ವರ್ಗ."

"ಬಂತು, ಖರೇ." ರೇಣುಕಾದೇವಿ ಚಾಪೆಯ ಮೇಲೆ ಹತ್ತಿರ ಸರಿದಳು. "ಆದ್ರ ಯಾಕ ವರ್ಗನಽ ಬರಬೇಕು ಅಂತ?"

ಹುಡುಗಿ ಬರೆದದ್ದನ್ನು ಮೇಲಿನಿಂದ ಕೆಳಗಿನ ತನಕ ಇನ್ನೊಮ್ಮೆ ನೋಡಿದಳು, ಎಲ್ಲೋ ಹಂತ ತಪ್ಪಿತೇನೋ ಎಂಬ ಗಾಬರಿಯಿಂದ. ತಪ್ಪೇನೂ ಸಿಗಲಿಲ್ಲ. "ಸೂತ್ರ ಹಚ್ಚಿದ್ವಲ್ರಿ. ಅದಕ್ಕಽ ಬಂತು."

"ಚಿತ್ರ ತಗದು ನೋಡು ಒಂದ್ಸಲ. ಒಂದು ಚೌಕ ಇಡು, ಆಮ್ಯಾಲ ಮೂರು ಎಲ್ಲಿ ಕೂಡ್ತಾವ ನೋಡೂಣು." ಪೆನ್ಸಿಲನ್ನು ಅವಳ ಕೈಗೆ ಹಿಡಿಸಿದಳು, ಹೆಚ್ಚುಕಡಿಮೆ ಬೇಡಿಕೊಳ್ಳುವ ಹಾಗೆಯೇ.

ಕಹಕಶಾ ಪೆನ್ಸಿಲು ಹಿಡಿದು ಖಾಲಿ ಹಾಳೆಯನ್ನು ನೋಡಿದಳು. ಆಮೇಲೆ ನಾಚಿಕೊಂಡು ನಕ್ಕು ಪೆನ್ಸಿಲು ಕೆಳಗಿಟ್ಟಳು. "ಆಗ ತಿಳೀದ ಏನೇನೋ ಗೀಚ್ತಿದ್ದೆ ನೋಡ್ರಿ ಟೀಚರ್. ಈಗ ಬರೋಬ್ಬರಿ ಬಿಡಿಸಾಕ ಬರ್ತೈತ್ರಿ ನನಗ."

ಒಳಗೆ ಮಸ್ತಾನಬಿ ಚಹಾಕ್ಕೆ ಸಕ್ಕರೆ ಹಾಕಬೇಕೋ ಬೆಲ್ಲ ಹಾಕಬೇಕೋ ಎಂದು ಕೂಗಿ ಕೇಳುತ್ತಿದ್ದಳು. ರೇಣುಕಾದೇವಿ ಪೆನ್ಸಿಲನ್ನು ಚೀಲಕ್ಕೆ ಹಾಕಿಕೊಂಡಳು. ಹುಡುಗಿ ಇನ್ನೂ ಆಕೆಯ ಮುಖವನ್ನೇ ನೋಡುತ್ತಿದ್ದಳು, ಶಭಾಷ್ ಅನ್ನಲಿ ಎಂದು ಕಾಯುತ್ತ.

"ಬರೋಬ್ಬರಿ ಐತೇನ್ರಿ?"

"ಬರೋಬ್ಬರಿ ಅದ. ಒಂದು ಹಂತನೂ ತಪ್ಪಿಲ್ಲ."

ಹುಡುಗಿಯ ಮುಖ ಅರಳಿತು. "ನೀವಽ ಕಲಿಸಿದ್ದಲ್ರಿ ಟೀಚರ್!"

"ಹೌದವ್ವಾ" ಅಂದಳು ರೇಣುಕಾದೇವಿ. "ನಾನಽ ಕಲಿಸಿದ್ದು."